ಹಿಂದಿನ ಜಾಬ್ ಮುಗಿದಿಲ್ಲ, ಮುಂದಿನದು ಶುರುವಾದ್ರೆ?

ಮಿನಿ ಪ್ರಾಜೆಕ್ಟ್ ಮಾಡೋವಾಗ ನಮ್ಮಲ್ಲಿ ಸುಮಾರು ಜನ ಒಂದಲ್ಲ ಒಂದು ಶೆಡ್ಯೂಲ್ಡ್ ಜಾಬ್ ಬರೀತೀವಿ. ಪ್ರತಿ 15 ನಿಮಿಷಕ್ಕೆ ಡೇಟಾ ತಗೊಂಡು ಬಾ, ರಾತ್ರಿ 2 ಗಂಟೆಗೆ ರಿಪೋರ್ಟ್ ಮಾಡು, ಇಂಥವು. ಆಗ ಎಲ್ಲರೂ ಯೋಚನೆ ಮಾಡೋದು "ಯಾವಾಗ ಶುರು ಆಗ್ಬೇಕು" ಅನ್ನೋದನ್ನ ಮಾತ್ರ. "ಹಿಂದಿನ ಸಲ ಶುರುವಾಗಿದ್ದು ಇನ್ನೂ ಮುಗಿದೇ ಇಲ್ಲದಿದ್ರೆ?" ಅಂತ ಕೇಳೋರು ಕಡಿಮೆ. ಈ ಪಾಠ ಆ ಪ್ರಶ್ನೆ ಬಗ್ಗೆ. ಒಂದೇ ಜಾಬ್‌ನ ಎಷ್ಟು ಪ್ರತಿಗಳು ಒಟ್ಟಿಗೆ ಓಡಬಹುದು ಅಂತ ಮಿತಿ ಹಾಕೋದು ಹೇಗೆ, ಮಿತಿ ಹಾಕಿದ ಮೇಲೆ ಏನೇನು ನೋಡ್ಕೋಬೇಕು ಅಂತ ತಿಳ್ಕೊಳ್ಳೋಣ.

ಒಂದು ಮಾತು: ಕಮಾಂಡ್ ಮತ್ತು ಸೆಟ್ಟಿಂಗ್ ಹೆಸರುಗಳನ್ನ ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೀನಿ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.

ಮೆಸ್ ಬಿಲ್ಲಿನ ಲೆಕ್ಕ

ಒಂದು ಹಾಸ್ಟೆಲ್ ಮೆಸ್ ಇದೆ ಅಂದ್ಕೊಳ್ಳಿ. ತಿಂಡಿಗೆ, ಊಟಕ್ಕೆ ಹೋದಾಗ ಕಾರ್ಡ್ ಸ್ವೈಪ್ ಮಾಡಬೇಕು. ಪ್ರತಿ ಸ್ವೈಪ್‌ಗೂ ಡೇಟಾಬೇಸ್‌ನಲ್ಲಿ ಒಂದು ಸಾಲು ಸೇರುತ್ತೆ: ಯಾರು, ಯಾವಾಗ, ಎಷ್ಟು ರೂಪಾಯಿ, ಮತ್ತೆ "ಬಿಲ್‌ಗೆ ಸೇರಿಸಿದ್ಯಾ?" ಅನ್ನೋ ಒಂದು ಗುರುತು. ಪ್ರತಿ 15 ನಿಮಿಷಕ್ಕೆ ಓಡೋ ಒಂದು ಜಾಬ್ ಇದೆ. ಅದರ ಕೆಲಸ ಮೂರು ಹಂತ:

1. ಇನ್ನೂ ಬಿಲ್‌ಗೆ ಸೇರಿಸದ ಸ್ವೈಪ್‌ಗಳನ್ನ ಓದು.
2. ಆಯಾ ವಿದ್ಯಾರ್ಥಿಯ ಬಿಲ್‌ಗೆ ಆ ಮೊತ್ತ ಕೂಡಿಸು.
3. ಆ ಸ್ವೈಪ್‌ಗಳಿಗೆ "ಸೇರಿಸಿದೆ" ಅಂತ ಗುರುತು ಹಾಕು.

ದಿನಾ ಇದು 4 ನಿಮಿಷದಲ್ಲಿ ಮುಗಿಯುತ್ತೆ. ಹಾಗಾಗಿ ತಿಂಗಳುಗಟ್ಟಲೆ ಯಾವ ತೊಂದರೆಯೂ ಕಾಣಲ್ಲ. ಒಂದು ದಿನ ಅದೇ ಡೇಟಾಬೇಸ್ ಮೇಲೆ ಬೇರೆ ಯಾರೋ ದೊಡ್ಡ ರಿಪೋರ್ಟ್ ಓಡಿಸ್ತಾರೆ. ಡೇಟಾಬೇಸ್ ನಿಧಾನ ಆಗುತ್ತೆ. 1:00 ಗಂಟೆಗೆ ಶುರುವಾದ ಜಾಬ್ ಮುಗಿಯೋಕೆ 1:20 ಆಗುತ್ತೆ. ಆದರೆ ಶೆಡ್ಯೂಲರ್‌ಗೆ ಅದೆಲ್ಲ ಗೊತ್ತಿಲ್ಲ. 1:15ಕ್ಕೆ ಸರಿಯಾಗಿ ಎರಡನೇ ಪ್ರತಿ ಶುರು ಮಾಡುತ್ತೆ. ಮೊದಲನೇ ಪ್ರತಿ ಇನ್ನೂ 3ನೇ ಹಂತಕ್ಕೆ ಬಂದಿಲ್ಲ, ಗುರುತು ಹಾಕಿಲ್ಲ. ಎರಡನೇ ಪ್ರತಿ ಅದೇ ಸ್ವೈಪ್‌ಗಳನ್ನ ಮತ್ತೆ ಓದುತ್ತೆ, ಮತ್ತೆ ಕೂಡಿಸುತ್ತೆ. 40 ರೂಪಾಯಿ ತಿಂಡಿ ಬಿಲ್‌ನಲ್ಲಿ 80 ಆಗುತ್ತೆ.

ಇಲ್ಲಿ ಗಮನಿಸಬೇಕಾದ್ದು ಏನಂದ್ರೆ, ಯಾವ ಎರರ್ ಕೂಡ ಬರಲಿಲ್ಲ. ಎರಡೂ ಪ್ರತಿಗಳು "ಸಕ್ಸಸ್" ಅಂತ ಹಸಿರು ಬಣ್ಣ ತೋರಿಸುತ್ತವೆ. ಲಾಗ್ ನೋಡಿದ್ರೆ ಎಲ್ಲ ಸರಿ ಇದೆ. ತಪ್ಪು ಗೊತ್ತಾಗೋದು ತಿಂಗಳ ಕೊನೆಗೆ, ಬಿಲ್ ಯಾರ ಕೈಗೆ ಹೋಗುತ್ತೋ ಅವರಿಗೆ. ಅಷ್ಟು ಹೊತ್ತಿಗೆ ಯಾವ ತಿಂಡಿ ಎರಡು ಸಲ ಸೇರಿದೆ ಅಂತ ಹುಡುಕೋದು ದೊಡ್ಡ ತಲೆನೋವು. ಕ್ರ್ಯಾಶ್ ಆಗೋ ಪ್ರೋಗ್ರಾಂ ಎಷ್ಟೋ ವಾಸಿ, ಕನಿಷ್ಠ ಕೂಗಿ ಹೇಳುತ್ತೆ. ಇದು ಸುಮ್ಮನಿದ್ದು ಇನ್ನೊಬ್ಬರ ಜೇಬಿಗೆ ಕೈ ಹಾಕುತ್ತೆ.

ಟ್ರಾನ್ಸಾಕ್ಷನ್ ಹಾಕಿದ್ರೆ ಸಾಲದಾ?

ಡಿಬಿಎಂಎಸ್ ಓದಿರೋರು ತಕ್ಷಣ ಕೇಳ್ತಾರೆ: ಮೂರೂ ಹಂತಗಳನ್ನ ಒಂದೇ ಟ್ರಾನ್ಸಾಕ್ಷನ್ ಒಳಗೆ ಹಾಕಿದ್ರೆ ಆಯ್ತಲ್ಲ? ಒಳ್ಳೇ ಪ್ರಶ್ನೆ. ಪೋಸ್ಟ್‌ಗ್ರೆಸ್‌ನಲ್ಲಿ ಏನಾಗುತ್ತೆ ನೋಡೋಣ. ಅಲ್ಲಿ ಡಿಫಾಲ್ಟ್ ಐಸೊಲೇಷನ್ ಲೆವೆಲ್ "ರೀಡ್ ಕಮಿಟೆಡ್". ಅಂದ್ರೆ ಕಮಿಟ್ ಆಗಿರೋದು ಮಾತ್ರ ಬೇರೆಯವರಿಗೆ ಕಾಣುತ್ತೆ.

ಮೊದಲನೇ ಪ್ರತಿ ಗುರುತು ಹಾಕಿದ್ರೂ ಕಮಿಟ್ ಆಗೋ ತನಕ ಎರಡನೇ ಪ್ರತಿಗೆ ಅದು ಕಾಣಲ್ಲ. ಹಾಗಾಗಿ ಅದೂ ಅದೇ ಸ್ವೈಪ್‌ಗಳನ್ನ ಓದುತ್ತೆ. ಬಿಲ್ ಸಾಲಿಗೆ 40 ಕೂಡಿಸೋಕೆ ಹೋದಾಗ ಆ ಸಾಲು ಲಾಕ್ ಆಗಿರುತ್ತೆ, ಕಾಯುತ್ತೆ. ಮೊದಲನೆಯದು ಕಮಿಟ್ ಆದ ಕೂಡಲೇ ಎರಡನೆಯದು ಹೊಸ ಮೊತ್ತ ನೋಡಿ, ಅದರ ಮೇಲೆ ಇನ್ನೊಂದು 40 ಕೂಡಿಸುತ್ತೆ. ಟ್ರಾನ್ಸಾಕ್ಷನ್ ತನ್ನ ಕೆಲಸ ಸರಿಯಾಗೇ ಮಾಡಿದೆ, ಬಿಲ್ ಮಾತ್ರ ತಪ್ಪು. "ಸೀರಿಯಲೈಸಬಲ್" ಲೆವೆಲ್ ಇಟ್ಟಿದ್ರೆ ಎರಡರಲ್ಲಿ ಒಂದಕ್ಕೆ ಎರರ್ ಬಂದು ವಾಪಸ್ ಹೋಗ್ತಿತ್ತು. ಅದು ನಮ್ಮ ಲೆಕ್ಕ ಉಳಿಸುತ್ತೆ ನಿಜ. ಆದರೆ ಒಂದು ಪ್ರತಿ ಸುಮ್ಮನೆ ಅಷ್ಟು ಹೊತ್ತು ಡೇಟಾಬೇಸ್‌ಗೆ ಭಾರ ಆಗಿ ಕೊನೆಗೆ ಕೆಲಸ ಬಿಸಾಕುತ್ತೆ. ಅದಕ್ಕಿಂತ ಎರಡನೆಯದನ್ನ ಶುರುವಾಗೋಕೇ ಬಿಡದೆ ಇರೋದು ಸುಲಭ.

ಒಟ್ಟಿಗೆ ಎಷ್ಟು ಪ್ರತಿಗಳು ಇರ್ತವೆ?

ಇದಕ್ಕೆ ಒಂದು ಸರಳ ಸೂತ್ರ ಇದೆ. ಜಾನ್ ಲಿಟಲ್ ಅನ್ನೋರು 1961ರಲ್ಲಿ ಇದನ್ನ ಸಾಧಿಸಿ ತೋರಿಸಿದ್ರು, ಹಾಗಾಗಿ ಲಿಟಲ್ ನಿಯಮ ಅಂತ ಹೆಸರು. ಒಂದು ವ್ಯವಸ್ಥೆಯಲ್ಲಿ ಸರಾಸರಿ ಎಷ್ಟು ಜನ ಇರ್ತಾರೆ ಅಂದ್ರೆ, ಬರೋ ವೇಗವನ್ನ ಒಬ್ಬೊಬ್ಬರು ಒಳಗಿರೋ ಸಮಯದಿಂದ ಗುಣಿಸಿದಷ್ಟು. ಬ್ಯಾಂಕ್ ಕ್ಯೂಗೂ ಇದೇ, ನಮ್ಮ ಜಾಬ್‌ಗೂ ಇದೇ.

ನಮ್ಮ ಮೆಸ್ ಜಾಬ್ 15 ನಿಮಿಷಕ್ಕೆ ಒಂದು ಸಲ ಬರುತ್ತೆ. 4 ನಿಮಿಷ ತಗೊಂಡ್ರೆ ಸರಾಸರಿ 4/15, ಅಂದ್ರೆ ಸುಮಾರು 0.27 ಪ್ರತಿ. ಹೆಚ್ಚಿನ ಹೊತ್ತು ಏನೂ ಓಡ್ತಿರಲ್ಲ. ಪ್ರತಿ ಸಲವೂ 20 ನಿಮಿಷ ತಗೊಂಡ್ರೆ 20/15, ಅಂದ್ರೆ 1.33. ಯಾವಾಗಲೂ ಕನಿಷ್ಠ ಒಂದು ಓಡ್ತಿರುತ್ತೆ, ಪ್ರತಿ 15 ನಿಮಿಷದಲ್ಲಿ 5 ನಿಮಿಷ ಎರಡು ಓಡ್ತವೆ. ಮೂರನೇ ಒಂದು ಭಾಗ ಸಮಯ ನಮ್ಮ ಬಿಲ್ ಅಪಾಯದಲ್ಲಿದೆ ಅಂತಾಯ್ತು.

ಇದು ಕೂಡ ಒಳ್ಳೇ ಸಂದರ್ಭದ ಲೆಕ್ಕ. ನಿಜದಲ್ಲಿ ಎರಡು ಪ್ರತಿಗಳು ಒಂದೇ ಡೇಟಾಬೇಸ್ ಹಂಚ್ಕೊಂಡ್ರೆ ಎರಡೂ ನಿಧಾನ ಆಗ್ತವೆ. ಡೇಟಾಬೇಸೇ ಅಡ್ಡಿ ಅಂತ ಇಟ್ಕೊಂಡು ನೋಡೋಣ. ಪ್ರತಿ 15 ನಿಮಿಷಕ್ಕೆ 20 ನಿಮಿಷದಷ್ಟು ಕೆಲಸ ಬಂದು ಬೀಳ್ತಿದೆ. 3 ಗಂಟೆಯಲ್ಲಿ 12 ಸರದಿ, ಅಂದ್ರೆ 240 ನಿಮಿಷದ ಕೆಲಸ. ಮುಗಿಸೋಕೆ ಸಿಕ್ಕಿದ್ದು 180 ನಿಮಿಷ. 60 ನಿಮಿಷದ ಕೆಲಸ ಬಾಕಿ. ಇನ್ನು 3 ಗಂಟೆ ಬಿಟ್ರೆ 120 ನಿಮಿಷ ಬಾಕಿ. ಹಿಂದಿನದು ನಿಧಾನ ಆಗಿದ್ದಕ್ಕೆ ಮುಂದಿನದು ಮೇಲೆ ಬಿತ್ತು, ಮುಂದಿನದು ಮೇಲೆ ಬಿದ್ದಿದ್ದಕ್ಕೆ ಹಿಂದಿನದು ಇನ್ನೂ ನಿಧಾನ ಆಯ್ತು.

ಜೊತೆಗೆ ಕನೆಕ್ಷನ್ ಲೆಕ್ಕ. ಪೋಸ್ಟ್‌ಗ್ರೆಸ್‌ನಲ್ಲಿ ಡಿಫಾಲ್ಟ್ ಆಗಿ ಒಟ್ಟು 100 ಕನೆಕ್ಷನ್, ಅದರಲ್ಲಿ 3 ಅಡ್ಮಿನ್‌ಗೆ ಮೀಸಲು. ಒಂದೊಂದು ಪ್ರತಿ 10 ಕನೆಕ್ಷನ್ ತೆಗೆದ್ರೆ, ಹತ್ತನೇ ಪ್ರತಿ ಬರೋ ಹೊತ್ತಿಗೆ ಡೇಟಾಬೇಸ್ ಬಾಗಿಲು ಹಾಕುತ್ತೆ. ಆಗ ಬಿಲ್ ಜಾಬ್ ಒಂದೇ ಅಲ್ಲ, ಅದೇ ಡೇಟಾಬೇಸ್ ಬಳಸೋ ವೆಬ್‌ಸೈಟ್ ಕೂಡ ನಿಲ್ಲುತ್ತೆ.

ಹಾಗಾಗಿ ಮಿತಿಗೆ ಎರಡು ಕಾರಣ. ಒಂದು ಲೆಕ್ಕ ಸರಿ ಇರಬೇಕು ಅನ್ನೋದು, ಇನ್ನೊಂದು ಭಾರ ಮೀರಬಾರದು ಅನ್ನೋದು. ಯಾವ ಕಾರಣಕ್ಕೆ ಮಿತಿ ಹಾಕ್ತಿದ್ದೀವಿ ಅಂತ ಮೊದಲೇ ಸ್ಪಷ್ಟ ಇದ್ರೆ ಮುಂದಿನ ತೀರ್ಮಾನಗಳು ಸುಲಭ.

ಸಿಂಗಲ್ ಲೈನ್ ಟೋಕನ್

ಒಂದೇ ಹಳಿ ಇರೋ ರೈಲು ಮಾರ್ಗದಲ್ಲಿ ಎರಡು ರೈಲು ಒಂದೇ ಭಾಗಕ್ಕೆ ನುಗ್ಗದ ಹಾಗೆ ನೋಡ್ಕೊಳ್ಳೋದು ಹೇಗೆ? ನಮ್ಮ ರೈಲ್ವೆಯಲ್ಲಿ ಬಹಳ ಕಾಲ ಟೋಕನ್ ಪದ್ಧತಿ ಇತ್ತು. ಎರಡು ಸ್ಟೇಷನ್‌ಗಳಲ್ಲಿ ಜೋಡಿ ಯಂತ್ರ ಇರ್ತಿತ್ತು. ಆ ಭಾಗಕ್ಕೆ ಒಂದು ಸಲಕ್ಕೆ ಒಂದೇ ಟೋಕನ್ ಹೊರಗೆ ಬರುತ್ತೆ. ಡ್ರೈವರ್ ಕೈಯಲ್ಲಿ ಟೋಕನ್ ಇದ್ರೆ ಮಾತ್ರ ರೈಲು ಹೊರಡಬಹುದು. ಆ ಕಡೆ ಸ್ಟೇಷನ್ ತಲುಪಿ ಟೋಕನ್ ಯಂತ್ರಕ್ಕೆ ವಾಪಸ್ ಹಾಕಿದ ಮೇಲೆ ಮುಂದಿನ ರೈಲಿಗೆ ದಾರಿ. ಟೈಮ್‌ಟೇಬಲ್ ಏನೇ ಹೇಳಲಿ, ಟೋಕನ್ ಇಲ್ಲದೆ ರೈಲು ಇಲ್ಲ.

ಆಪರೇಟಿಂಗ್ ಸಿಸ್ಟಮ್ಸ್ ಪಾಠದಲ್ಲಿ ಬರೋ ಸೆಮಾಫೋರ್ ಇದೇ. ಆ ಹೆಸರು ಬಂದಿದ್ದೂ ರೈಲ್ವೆಯ ಕೈಮರ ಸಿಗ್ನಲ್‌ನಿಂದ. 1960ರ ದಶಕದ ಮೊದಲ ವರ್ಷಗಳಲ್ಲಿ ಡೈಕ್‌ಸ್ಟ್ರಾ ಇದನ್ನ ಕಂಪ್ಯೂಟರ್‌ಗೆ ತಂದ್ರು. ಸೆಮಾಫೋರ್ ಅಂದ್ರೆ ಒಂದು ಎಣಿಕೆ. ಒಳಗೆ ಹೋಗೋವಾಗ ಒಂದು ಕಡಿಮೆ, ಹೊರಗೆ ಬರೋವಾಗ ಒಂದು ಜಾಸ್ತಿ, ಸೊನ್ನೆ ಇದ್ರೆ ಕಾಯಿ. ಆರಂಭದ ಎಣಿಕೆ 1 ಇಟ್ರೆ ಒಂದೇ ಪ್ರತಿ, 3 ಇಟ್ರೆ ಮೂರು. ಯಾವ ಶೆಡ್ಯೂಲರ್‌ನ ಯಾವ ಸೆಟ್ಟಿಂಗ್ ನೋಡಿದ್ರೂ ಒಳಗೆ ಇರೋದು ಇಷ್ಟೇ.

ಕ್ರಾನ್‌ಗೆ ಟೋಕನ್ ಕೊಡೋದು

ಲಿನಕ್ಸ್‌ನ ಕ್ರಾನ್‌ಗೆ ಗೊತ್ತಿರೋದು ಗಡಿಯಾರ ಮಾತ್ರ. ಹೊತ್ತಾಯ್ತಾ, ಕಮಾಂಡ್ ಓಡಿಸು. ಹಿಂದಿನದು ಇದ್ಯಾ ಅಂತ ನೋಡಲ್ಲ. ಸುಮಾರು ಜನ ಇದಕ್ಕೆ ತಾವೇ ಒಂದು ಉಪಾಯ ಮಾಡ್ತಾರೆ: ಜಾಬ್ ಶುರುವಾದಾಗ ಒಂದು ಫೈಲ್ ಮಾಡು, ಮುಗಿದಾಗ ಅಳಿಸು, ಫೈಲ್ ಇದ್ರೆ ಓಡಬೇಡ. ಇದರಲ್ಲಿ ಎರಡು ತೂತು. ಮೊದಲನೆಯದು, "ಫೈಲ್ ಇದ್ಯಾ" ಅಂತ ನೋಡೋದಕ್ಕೂ "ಫೈಲ್ ಮಾಡು" ಅನ್ನೋದಕ್ಕೂ ನಡುವೆ ಇನ್ನೊಂದು ಪ್ರತಿ ನುಸುಳಬಹುದು. ಎರಡನೆಯದು, ಜಾಬ್ ಅರ್ಧಕ್ಕೇ ಸತ್ತರೆ ಫೈಲ್ ಹಾಗೇ ಉಳಿಯುತ್ತೆ. ಆಮೇಲೆ ಯಾರೋ ಬಂದು ಕೈಯಾರೆ ಅಳಿಸೋ ತನಕ ಜಾಬ್ ಓಡೋದೇ ಇಲ್ಲ.

ಇದಕ್ಕೆ "ಫ್ಲಾಕ್" ಅನ್ನೋ ಕಮಾಂಡ್ ಇದೆ. ಕ್ರಾನ್ ಸಾಲಿನಲ್ಲಿ ಜಾಬ್ ಕಮಾಂಡ್‌ನ ಮುಂದೆ "ಫ್ಲಾಕ್ -ಎನ್" ಮತ್ತು ಒಂದು ಲಾಕ್ ಫೈಲ್ ಹೆಸರು ಸೇರಿಸಿದ್ರೆ ಸಾಕು. ಲಾಕ್ ಸಿಕ್ಕಿದ್ರೆ ಜಾಬ್ ಓಡುತ್ತೆ, ಸಿಗದಿದ್ರೆ ತಕ್ಷಣ ವಾಪಸ್. "-ಎನ್" ಬದಲು "-ಡಬ್ಲ್ಯೂ 60" ಅಂತ ಹಾಕಿದ್ರೆ 60 ಸೆಕೆಂಡ್ ತನಕ ಕಾದು ನೋಡುತ್ತೆ. ಏನೂ ಹಾಕದಿದ್ರೆ ಸಿಗೋ ತನಕ ಕಾಯುತ್ತೆ. ಇಲ್ಲಿ ಲಾಕ್ ಅನ್ನೋದು ಫೈಲ್ ಇದೆಯೋ ಇಲ್ಲವೋ ಅನ್ನೋದರ ಮೇಲೆ ನಿಂತಿಲ್ಲ, ಅದು ಕರ್ನಲ್ ಕೈಯಲ್ಲಿದೆ. ಪ್ರೋಸೆಸ್ ಸತ್ತರೆ ಕರ್ನಲ್ ತಾನೇ ಲಾಕ್ ಬಿಡಿಸುತ್ತೆ. ಫೈಲ್ ಅಲ್ಲೇ ಬಿದ್ದಿದ್ರೂ ತೊಂದರೆ ಇಲ್ಲ. ಒಂದು ಎಚ್ಚರ ಮಾತ್ರ ಬೇಕು: ನಿಮ್ಮ ಜಾಬ್ ಹಿನ್ನೆಲೆಯಲ್ಲಿ ಇನ್ನೊಂದು ಪ್ರೋಸೆಸ್ ಬಿಟ್ಟು ಹೋದ್ರೆ ಆ ಮರಿ ಪ್ರೋಸೆಸ್ ಲಾಕ್ ಹಿಡ್ಕೊಂಡೇ ಇರುತ್ತೆ.

ಸಿಸ್ಟಂಡಿ ಟೈಮರ್ ಬಳಸೋರಿಗೆ ಇಷ್ಟೂ ಬೇಡ. ಸರ್ವಿಸ್ ಇನ್ನೂ ಓಡ್ತಿದ್ರೆ ಟೈಮರ್ ಅದರ ಎರಡನೇ ಪ್ರತಿ ಶುರು ಮಾಡಲ್ಲ. ಎರಡು ಬೇರೆ ಬೇರೆ ಮೆಷಿನ್‌ನಿಂದ ಒಂದೇ ಜಾಬ್ ಓಡಬಹುದು ಅನ್ನೋ ಪರಿಸ್ಥಿತಿ ಇದ್ರೆ, ಒಂದು ಮೆಷಿನ್‌ನ ಲೋಕಲ್ ಲಾಕ್ ಇನ್ನೊಂದಕ್ಕೆ ಗೊತ್ತಾಗಲ್ಲ. ಆಗ ಲಾಕ್ ಎರಡಕ್ಕೂ ಕಾಣೋ ಜಾಗದಲ್ಲಿ ಇರಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಇದಕ್ಕೇ ಅಂತ ಅಡ್ವೈಸರಿ ಲಾಕ್ ಇದೆ. ಸೆಷನ್ ಮಟ್ಟದಲ್ಲಿ ತಗೊಂಡ್ರೆ, ಕನೆಕ್ಷನ್ ಮುಚ್ಚಿದ ಕೂಡಲೇ ಅದೂ ಬಿಟ್ಟುಹೋಗುತ್ತೆ.

ತಡೆದ ಸರದಿಗೆ ಏನು ಗತಿ?

ಮಿತಿ ಹಾಕೋದು ಅರ್ಧ ಕೆಲಸ. ಒಳಗೆ ಬಿಡದೆ ವಾಪಸ್ ಕಳಿಸಿದ ಸರದಿ ಏನಾಗಬೇಕು ಅಂತ ತೀರ್ಮಾನ ಮಾಡೋದು ಉಳಿದರ್ಧ. ಇದಕ್ಕೆ ಮೂರು ದಾರಿ.

ಬಿಟ್ಟುಬಿಡು: ಈ ಸರದಿ ಹೋಯ್ತು, ಮುಂದಿನದು ನೋಡೋಣ.
ಕಾಯಿಸು: ಕ್ಯೂನಲ್ಲಿ ನಿಲ್ಲಿಸಿ, ಹಿಂದಿನದು ಮುಗಿದ ಮೇಲೆ ಓಡಿಸು.
ಬದಲಾಯಿಸು: ಓಡ್ತಿರೋದನ್ನ ನಿಲ್ಲಿಸಿ ಹೊಸದನ್ನ ಶುರು ಮಾಡು.

ಕುಬರ್ನೆಟಿಸ್‌ನ ಕ್ರಾನ್‌ಜಾಬ್‌ನಲ್ಲಿ "ಕನ್‌ಕರೆನ್ಸಿ ಪಾಲಿಸಿ" ಅನ್ನೋ ಸೆಟ್ಟಿಂಗ್ ಇದೆ. ಅದಕ್ಕೆ ಮೂರು ಬೆಲೆ: "ಅಲೌ" ಅಂದ್ರೆ ಎಷ್ಟು ಬೇಕಾದ್ರೂ ಓಡಲಿ, "ಫರ್ಬಿಡ್" ಅಂದ್ರೆ ಬಿಟ್ಟುಬಿಡು, "ರಿಪ್ಲೇಸ್" ಅಂದ್ರೆ ಬದಲಾಯಿಸು. ನಾವು ಏನೂ ಬರೆಯದಿದ್ರೆ ಸಿಗೋದು "ಅಲೌ". ಅಂದ್ರೆ ಡಿಫಾಲ್ಟ್ ನಮ್ಮ ಮೆಸ್ ಬಿಲ್ಲನ್ನ ಕಾಪಾಡಲ್ಲ.

ಯಾವುದು ಆರಿಸಬೇಕು? ಜಾಬ್ ತನ್ನ ಇನ್‌ಪುಟ್ ಹೇಗೆ ಆರಿಸ್ಕೊಳ್ಳುತ್ತೆ ಅಂತ ನೋಡಿ. ನಮ್ಮ ಮೆಸ್ ಜಾಬ್ "ಇನ್ನೂ ಸೇರಿಸದೆ ಇರೋದೆಲ್ಲ" ಅಂತ ಓದುತ್ತೆ. ಅದಕ್ಕೆ 1:15ರ ಸರದಿ ಬಿಟ್ರೂ 1:30ರದ್ದು ಬಂದು ಎಲ್ಲ ಬಾಕಿ ಎತ್ಕೊಳ್ಳುತ್ತೆ. ಇಲ್ಲಿ ಬಿಟ್ಟುಬಿಡೋದು ಸರಿ. ಆದರೆ ಅದೇ ಜಾಬ್ "ಕಳೆದ 15 ನಿಮಿಷದ ಸ್ವೈಪ್‌ಗಳು" ಅಂತ ಓದೋ ಹಾಗೆ ಬರೆದಿದ್ರೆ? ಒಂದು ಸರದಿ ಬಿಟ್ರೆ ಆ 15 ನಿಮಿಷದ ಸ್ವೈಪ್‌ಗಳನ್ನ ಇನ್ಯಾರೂ ಓದಲ್ಲ. ಆಗ ಕಾಯಿಸಲೇಬೇಕು, ಮತ್ತೆ ಪ್ರತಿ ಸರದಿಗೂ ತನ್ನ 15 ನಿಮಿಷ ಯಾವುದು ಅಂತ ಗೊತ್ತಿರಬೇಕು. ಇಲ್ಲದಿದ್ರೆ 5 ನಿಮಿಷ ತಡವಾಗಿ ಶುರುವಾದದ್ದು ಬೇರೆಯೇ 15 ನಿಮಿಷ ಓದುತ್ತೆ.

"ಬದಲಾಯಿಸು" ಸರಿ ಬರೋದು ಹೊಸದು ಬಂದ ಮೇಲೆ ಹಳೇದಕ್ಕೆ ಬೆಲೆಯೇ ಇಲ್ಲ ಅನ್ನೋ ಕಡೆ. ಉದಾಹರಣೆಗೆ ಡಿಸ್‌ಪ್ಲೇ ಬೋರ್ಡ್‌ಗೆ ಈಗಿನ ಸ್ಥಿತಿ ಕಳಿಸೋ ಜಾಬ್. ಆದರೆ ಇದರಲ್ಲಿ ಒಂದು ಬಲೆ ಇದೆ. ಜಾಬ್‌ಗೆ 20 ನಿಮಿಷ ಬೇಕು, ಶೆಡ್ಯೂಲ್ 15 ನಿಮಿಷಕ್ಕೆ ಒಂದು ಅಂತಿದ್ರೆ, ಪ್ರತಿಯೊಂದೂ 15ನೇ ನಿಮಿಷಕ್ಕೆ ಸಾಯುತ್ತೆ. ದಿನವಿಡೀ ಓಡ್ತಾನೇ ಇರುತ್ತೆ, ಒಂದೂ ಮುಗಿಯಲ್ಲ.

ಇನ್ನೊಂದು ಮಾತು. ಕೆಲಸ ಬರೋ ವೇಗ ಮುಗಿಸೋ ವೇಗಕ್ಕಿಂತ ಜಾಸ್ತಿ ಇದ್ರೆ ಯಾವ ಮಿತಿಯೂ ಅದನ್ನ ಸರಿ ಮಾಡಲ್ಲ. ಕಾಯಿಸಿದ್ರೆ ಕ್ಯೂ ಬೆಳೆಯುತ್ತೆ, ಬಿಟ್ಟುಬಿಟ್ರೆ ಸರದಿಗಳು ತಪ್ತವೆ. ಜಾಬ್ ವೇಗ ಮಾಡಬೇಕು, ಇಲ್ಲ 15 ನಿಮಿಷದ ಬದಲು 30 ನಿಮಿಷಕ್ಕೆ ಓಡಿಸಬೇಕು. ಮಿತಿಯಿಂದ ಆಗೋ ಉಪಕಾರ ಅಂದ್ರೆ ಈ ಸಮಸ್ಯೆ ಬೇಗ ಕಣ್ಣಿಗೆ ಬೀಳುತ್ತೆ.

ಏರ್‌ಫ್ಲೋನಲ್ಲಿ ಎಣಿಕೆಗಳು

ಡೇಟಾ ಎಂಜಿನಿಯರಿಂಗ್ ಕಡೆ ಹೋಗೋರು ಏರ್‌ಫ್ಲೋ ಹೆಸರು ಕೇಳೇ ಕೇಳ್ತಾರೆ. 2014ರಲ್ಲಿ ಏರ್‌ಬಿಎನ್‌ಬಿ ಕಂಪನಿಯಲ್ಲಿ ಮ್ಯಾಕ್ಸಿಮ್ ಬೋಶೆಮಿನ್ ಶುರು ಮಾಡಿದ್ದು. 2016ರಲ್ಲಿ ಅಪಾಚೆ ಇನ್‌ಕ್ಯುಬೇಟರ್‌ಗೆ ಬಂತು, 2019ರಲ್ಲಿ ಅಪಾಚೆಯ ಪೂರ್ಣ ಪ್ರಾಜೆಕ್ಟ್ ಆಯ್ತು. ಇದರಲ್ಲಿ ಒಂದು ವರ್ಕ್‌ಫ್ಲೋಗೆ ಡ್ಯಾಗ್ ಅಂತಾರೆ. ಅದರೊಳಗಿನ ಒಂದೊಂದು ಹಂತ ಟಾಸ್ಕ್. ಡ್ಯಾಗ್ ಒಂದು ಸಲ ಓಡಿದ್ರೆ ಅದು ಡ್ಯಾಗ್ ರನ್.

ಇಲ್ಲಿ ಎಣಿಕೆಗಳು ಸುಮಾರಿವೆ, ಒಂದಕ್ಕೊಂದು ಕಲಸಿ ಹೋಗೋದು ಸುಲಭ:

"ಮ್ಯಾಕ್ಸ್ ಆಕ್ಟಿವ್ ರನ್ಸ್": ಒಂದು ಡ್ಯಾಗ್‌ನ ಎಷ್ಟು ರನ್ ಒಟ್ಟಿಗೆ ಇರಬಹುದು. ಏನೂ ಹೇಳದಿದ್ರೆ 16.
"ಮ್ಯಾಕ್ಸ್ ಆಕ್ಟಿವ್ ಟಾಸ್ಕ್ಸ್": ಏರ್‌ಫ್ಲೋ 2ರಲ್ಲಿ, ಒಂದು ಡ್ಯಾಗ್‌ನಲ್ಲಿ ಎಷ್ಟು ಟಾಸ್ಕ್ ಒಟ್ಟಿಗೆ ಓಡಬಹುದು. ಇದೂ ಡಿಫಾಲ್ಟ್ 16.
"ಪ್ಯಾರಲಲಿಸಂ": ಡ್ಯಾಗ್ ಯಾವುದೇ ಇರಲಿ, ಶೆಡ್ಯೂಲರ್ ಒಟ್ಟಿಗೆ ಓಡಿಸೋ ಟಾಸ್ಕ್‌ಗಳ ಮಿತಿ. ಡಿಫಾಲ್ಟ್ 32.
"ಪೂಲ್": ನಾವೇ ಹೆಸರಿಟ್ಟು ಮಾಡೋ ಟೋಕನ್ ಡಬ್ಬಿ. ಬೇರೆ ಬೇರೆ ಡ್ಯಾಗ್‌ಗಳು ಒಂದೇ ಡೇಟಾಬೇಸ್ ಬಳಸ್ತಿದ್ರೆ ಎಲ್ಲವೂ ಒಂದೇ ಪೂಲ್‌ನಿಂದ ಟೋಕನ್ ತಗೊಳ್ಳೋ ಹಾಗೆ ಮಾಡಬಹುದು.

16 ಅನ್ನೋ ಡಿಫಾಲ್ಟ್ ನೋಡಿ. ಅಮೆಜಾನ್‌ನ ಗ್ಲೂ ಸರ್ವಿಸ್‌ನಲ್ಲಿ ಒಂದು ಜಾಬ್‌ಗೆ ಡಿಫಾಲ್ಟ್ 1, ಮೀರಿದ್ರೆ ಎರರ್ ಕೊಡುತ್ತೆ. ಹಾಗಾಗಿ ಹೊಸ ಟೂಲ್ ಕಲಿಯೋವಾಗ "ಇದರ ಡಿಫಾಲ್ಟ್ ಎಷ್ಟು, ಮೀರಿದ್ರೆ ಏನು ಮಾಡುತ್ತೆ" ಅಂತ ಮೊದಲ ದಿನವೇ ನೋಡ್ಕೊಳ್ಳಿ.

ಸಾಮಾನ್ಯವಾಗಿ ಆಗೋ ಗೊಂದಲ ಒಂದಿದೆ. "ಒಂದು ಸಲಕ್ಕೆ ಒಂದೇ ಟಾಸ್ಕ್ ಅಂತ ಇಟ್ಟಿದ್ದೀನಿ, ಅಂದ್ರೆ ಸೇಫ್ ಅಲ್ವಾ?" ಅಲ್ಲ. ಏರ್‌ಫ್ಲೋ 2ರಲ್ಲಿ "ಮ್ಯಾಕ್ಸ್ ಆಕ್ಟಿವ್ ಟಾಸ್ಕ್ಸ್" 1 ಇಟ್ಟು ರನ್ಸ್ 16ರಲ್ಲೇ ಬಿಟ್ರೆ ಹೀಗಾಗಬಹುದು: ಮೊದಲನೇ ರನ್‌ನ "ಓದು", ಆಮೇಲೆ ಎರಡನೇ ರನ್‌ನ "ಓದು", ಆಮೇಲೆ ಮೊದಲನೆಯದರ "ಕೂಡಿಸು", ಆಮೇಲೆ ಎರಡನೆಯದರ "ಕೂಡಿಸು". ಯಾವ ಕ್ಷಣದಲ್ಲೂ ಎರಡು ಟಾಸ್ಕ್ ಒಟ್ಟಿಗೆ ಓಡಿಲ್ಲ. ಆದರೂ 40 ರೂಪಾಯಿ 80 ಆಯ್ತು. ನಮಗೆ ಬೇಕಾದ್ದು ಮೂರೂ ಹಂತ ಸೇರಿ ಒಂದೇ ಹಳಿ. ಅದಕ್ಕೆ ರನ್ ಮಟ್ಟದಲ್ಲೇ 1 ಇಡಬೇಕು.

ಮಿತಿ ತುಂಬಿದಾಗ ಉಳಿದ ಸರದಿಗಳ ಗತಿ ಇಲ್ಲಿ "ಕ್ಯಾಚ್‌ಅಪ್" ಅನ್ನೋ ಇನ್ನೊಂದು ಸೆಟ್ಟಿಂಗ್ ಮೇಲೆ ನಿಂತಿದೆ. ಕ್ಯಾಚ್‌ಅಪ್ ಆನ್ ಇದ್ರೆ ತಪ್ಪಿದ ಪ್ರತಿ ಸರದಿಯನ್ನೂ ಒಂದೊಂದಾಗಿ ಓಡಿಸುತ್ತೆ. ಆಫ್ ಇದ್ರೆ ಇತ್ತೀಚಿನದು ಮಾತ್ರ. ಏರ್‌ಫ್ಲೋ 2ರಲ್ಲಿ ಡಿಫಾಲ್ಟ್ ಆನ್, 2025ರಲ್ಲಿ ಬಂದ ಏರ್‌ಫ್ಲೋ 3ರಲ್ಲಿ ಆಫ್. ಹಳೇ ವಿಡಿಯೋ ನೋಡಿ ಹೊಸ ವರ್ಷನ್‌ನಲ್ಲಿ ಕೆಲಸ ಮಾಡೋರು ಇದನ್ನ ನೆನಪಿಡಿ.

ಒಂದಕ್ಕಿಂತ ಹೆಚ್ಚು ಯಾವಾಗ?

ಎಲ್ಲದಕ್ಕೂ 1 ಇಡಬೇಕು ಅಂತಿಲ್ಲ. ಪ್ರತಿ ರನ್ ತನ್ನದೇ ದಿನದ ಡೇಟಾ ಓದಿ ತನ್ನದೇ ಜಾಗದಲ್ಲಿ ಬರೆಯೋ ಹಾಗಿದ್ರೆ, ಜನವರಿ 3ರದ್ದೂ ಜನವರಿ 4ರದ್ದೂ ಒಟ್ಟಿಗೆ ಓಡಿದ್ರೆ ಯಾರಿಗೂ ನಷ್ಟ ಇಲ್ಲ. ಹಳೇ 30 ದಿನದ ಡೇಟಾ ಮತ್ತೆ ಲೆಕ್ಕ ಹಾಕೋವಾಗ ಒಂದೊಂದೇ ಓಡಿಸ್ತಾ ಕೂತ್ರೆ ಸುಮ್ಮನೆ ಸಮಯ ಹಾಳು. ಇಲ್ಲಿ ಮಿತಿ ಭಾರಕ್ಕೆ ಮಾತ್ರ, ಅದನ್ನ ಲೆಕ್ಕ ಹಾಕಿ ತೆಗೀಬಹುದು. 100 ಕನೆಕ್ಷನ್‌ನಲ್ಲಿ 3 ಮೀಸಲು, ವೆಬ್‌ಸೈಟ್‌ಗೆ 60 ಬೇಕು ಅಂದ್ರೆ ಉಳಿದದ್ದು 37. ಒಂದು ರನ್‌ಗೆ 10 ಕನೆಕ್ಷನ್ ಅಂದ್ರೆ ಮಿತಿ 3. ಓಡಿಸಿ, ಒಂದೊಂದು ರನ್ ಎಷ್ಟು ಹೊತ್ತು ತಗೊಳ್ಳುತ್ತೆ ಅಳೆಯಿರಿ. 2ರಿಂದ 3ಕ್ಕೆ ಏರಿಸಿದಾಗ ಒಟ್ಟು ಸಮಯ ಕಡಿಮೆ ಆಗದಿದ್ರೆ 2 ಸಾಕು.

ಮಿತಿ ಒಂದನ್ನೇ ನಂಬಬೇಡಿ

ಮಿತಿ 1 ಇಟ್ಟ ಮೇಲೆ ಹೊಸದೊಂದು ಅಪಾಯ ಬರುತ್ತೆ. ಓಡ್ತಿರೋ ಜಾಬ್ ನೆಟ್‌ವರ್ಕ್‌ಗೆ ಕಾಯ್ತಾ ಎಲ್ಲೋ ಸಿಕ್ಕಿಹಾಕ್ಕೊಂಡ್ರೆ ಟೋಕನ್ ಅದರ ಕೈಯಲ್ಲೇ ಉಳಿಯುತ್ತೆ. ಶುಕ್ರವಾರ ಸಂಜೆ 6ಕ್ಕೆ ಸಿಕ್ಕಿಹಾಕ್ಕೊಂಡಿದ್ದನ್ನ ಸೋಮವಾರ ಬೆಳಿಗ್ಗೆ 9ಕ್ಕೆ ನೋಡಿದ್ರೆ 63 ಗಂಟೆ, ಅಂದ್ರೆ 252 ಸರದಿ ಹೋಯ್ತು. ಒಂದು ಎರರ್ ಕೂಡ ಇಲ್ಲ. ಅದಕ್ಕೆ ಮಿತಿ ಜೊತೆ ಟೈಮ್‌ಔಟ್ ಕಡ್ಡಾಯ. ಲಿನಕ್ಸ್‌ನಲ್ಲಿ "ಟೈಮ್‌ಔಟ್" ಅನ್ನೋ ಕಮಾಂಡೇ ಇದೆ, ಏರ್‌ಫ್ಲೋನಲ್ಲಿ ಡ್ಯಾಗ್ ರನ್ ಟೈಮ್‌ಔಟ್ ಇದೆ, ಕುಬರ್ನೆಟಿಸ್ ಜಾಬ್‌ಗೆ ಡೆಡ್‌ಲೈನ್ ಇದೆ. ಮತ್ತೆ "ಕೊನೇ ಸಲ ಯಶಸ್ವಿಯಾಗಿ ಮುಗಿದಿದ್ದು ಯಾವಾಗ" ಅಂತ ಬರೆದಿಟ್ಟು, ಒಂದು ಗಂಟೆ ಮೀರಿದ್ರೆ ಮೆಸೇಜ್ ಬರೋ ಹಾಗೆ ಮಾಡಿ.

ಎರಡನೆಯದು, ಮಿತಿ ಯಾವಾಗಲೂ ನೂರಕ್ಕೆ ನೂರು ಕೆಲಸ ಮಾಡುತ್ತೆ ಅಂತ ಇಲ್ಲ. ಕುಬರ್ನೆಟಿಸ್ ದಾಖಲೆಯೇ ಹೇಳುತ್ತೆ, ಕೆಲವು ಸಂದರ್ಭದಲ್ಲಿ ಒಂದು ಸರದಿಗೆ ಎರಡು ಜಾಬ್ ಸೃಷ್ಟಿಯಾಗಬಹುದು ಅಂತ. ಯಾರಾದ್ರೂ ಲ್ಯಾಪ್‌ಟಾಪ್‌ನಿಂದ ಕೈಯಾರೆ ಓಡಿಸಿದ್ರೆ? ಅಥವಾ ಜಾಬ್ 2ನೇ ಹಂತ ಮುಗಿಸಿ 3ನೇ ಹಂತಕ್ಕೆ ಮುಂಚೆ ಸತ್ತು, ಮತ್ತೆ ಶುರುವಾದ್ರೆ? ಕೊನೇದರಲ್ಲಿ ಒಂದೇ ಪ್ರತಿ ಇದ್ರೂ ತಿಂಡಿ ಎರಡು ಸಲ ಸೇರುತ್ತೆ.

ಇದಕ್ಕೆ ಔಷಧ ಜಾಬ್ ಒಳಗೇ ಇದೆ. "ಬಿಲ್‌ಗೆ 40 ಕೂಡಿಸು" ಅನ್ನೋ ಬದಲು "ಈ ತಿಂಗಳ ಎಲ್ಲ ಸ್ವೈಪ್‌ಗಳ ಮೊತ್ತ ಲೆಕ್ಕ ಹಾಕಿ ಬಿಲ್‌ನಲ್ಲಿ ಬರೆ" ಅಂತ ಮಾಡಿ. ಆಗ ಒಂದು ಸಲ ಓಡಿದ್ರೂ ಹತ್ತು ಸಲ ಓಡಿದ್ರೂ ಬಿಲ್ ಒಂದೇ. ಇಂಥ ಜಾಬ್‌ಗೆ ಐಡೆಂಪೊಟೆಂಟ್ ಅಂತಾರೆ. ಲಿಫ್ಟ್ ಬಟನ್ ಎಷ್ಟು ಸಲ ಒತ್ತಿದ್ರೂ ಲಿಫ್ಟ್ ಒಂದೇ ಸಲ ಬರುತ್ತಲ್ಲ, ಹಾಗೆ. ಇದರ ಮೇಲೆ ಮಿತಿ 1 ಹಾಕಿ. ಒಂದು ತಪ್ಪಿದ್ರೂ ಇನ್ನೊಂದು ಕಾಯುತ್ತೆ.

ಮಾಡಿ ನೋಡಿ

ಲಿನಕ್ಸ್ ಇರೋ ಒಂದು ಲ್ಯಾಪ್‌ಟಾಪ್ ಸಾಕು. ಶುರುವಾದ ಸಮಯ ಒಂದು ಫೈಲ್‌ಗೆ ಬರೆದು, 90 ಸೆಕೆಂಡ್ ಸ್ಲೀಪ್ ಮಾಡಿ, ಮುಗಿದ ಸಮಯ ಬರೆಯೋ ಒಂದು ಸ್ಕ್ರಿಪ್ಟ್ ಮಾಡಿ. ಕ್ರಾನ್‌ನಲ್ಲಿ ಪ್ರತಿ ನಿಮಿಷಕ್ಕೆ ಹಾಕಿ.

ಮೊದಲು ಹಾಗೇ ಓಡಿಸಿ. ಅರ್ಧ ಸಮಯ ಎರಡು ಪ್ರತಿ ಕಾಣಬೇಕು, ಲಿಟಲ್ ನಿಯಮದ ಪ್ರಕಾರ ಸರಾಸರಿ 1.5.
ಆಮೇಲೆ "ಫ್ಲಾಕ್ -ಎನ್" ಹಾಕಿ. ಒಂದು ಬಿಟ್ಟು ಒಂದು ಸರದಿ ತಪ್ಪಿ, 2 ನಿಮಿಷಕ್ಕೊಂದು ಓಡುತ್ತೆ.
ಕೊನೆಗೆ "-ಎನ್" ತೆಗೆದು ಬರೀ "ಫ್ಲಾಕ್" ಬಿಡಿ. 30 ನಿಮಿಷದಲ್ಲಿ 30 ಸರದಿ ಬಂದು 20 ಮುಗಿದಿರುತ್ತೆ, ಸುಮಾರು 10 ಕ್ಯೂನಲ್ಲಿ ನಿಂತಿರುತ್ತೆ. ಆಮೇಲೆ ಕ್ರಾನ್ ಸಾಲು ಅಳಿಸೋದು ಮರೀಬೇಡಿ.

ಇನ್ನೊಂದು ಸಣ್ಣ ಕೆಲಸ. ನಿಮ್ಮ ಪ್ರಾಜೆಕ್ಟ್‌ನ ಯಾವುದಾದ್ರೂ ಶೆಡ್ಯೂಲ್ಡ್ ಜಾಬ್ ತಗೊಂಡು ಈ ನಾಲ್ಕು ಪ್ರಶ್ನೆಗೆ ಒಂದೊಂದು ಸಾಲಿನ ಉತ್ತರ ಬರೀರಿ:

1. ಎರಡು ಪ್ರತಿ ಒಟ್ಟಿಗೆ ಓಡಿದ್ರೆ ಯಾರ ಲೆಕ್ಕ ತಪ್ಪುತ್ತೆ?
2. ಮಿತಿ ಎಷ್ಟು, ಅದು ಲೆಕ್ಕಕ್ಕೋ ಭಾರಕ್ಕೋ?
3. ತಡೆದ ಸರದಿಯನ್ನ ಬಿಡಬೇಕೋ, ಕಾಯಿಸಬೇಕೋ, ಬದಲಾಯಿಸಬೇಕೋ?
4. ಓಡ್ತಿರೋದು ಸಿಕ್ಕಿಹಾಕ್ಕೊಂಡ್ರೆ ಎಷ್ಟು ಹೊತ್ತಿಗೆ, ಯಾರಿಗೆ ಗೊತ್ತಾಗುತ್ತೆ?

ಉತ್ತರಗಳನ್ನ ಕೋಡ್‌ನಲ್ಲೇ, ಶೆಡ್ಯೂಲ್ ಸಾಲಿನ ಮೇಲೆ ಕಾಮೆಂಟ್ ಆಗಿ ಬರೆದಿಡಿ. ನಿಮ್ಮ ನಂತರ ಆ ಪ್ರಾಜೆಕ್ಟ್ ತಗೊಳ್ಳೋ ಜೂನಿಯರ್‌ಗೆ ಆ ನಾಲ್ಕು ಸಾಲು ತುಂಬಾ ಉಪಯೋಗಕ್ಕೆ ಬರ್ತವೆ.